ತಿರುಳ್ಗನ್ನಡಕ್ಕೆ ಕೆಂಪು ಶಾಯಿ

ಪ್ರತಿ ವರ್ಷ ನವೆಂಬರ್ ಒಂದರಂದು ನಮ್ಮೂರಿನಲ್ಲಿ ಒಂದೇ ಭಾಷಣವಾಗುತ್ತದೆ. ಮಾಡುವವರು ಬೇರೆ ಬೇರೆ, ಭಾಷಣ ಮಾತ್ರ ಅದೇ. ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಪುಲಿಗೆರೆಯೆಂದರೆ ತಿರುಳ್ಗನ್ನಡದ ನಾಡು. ಕವಿರಾಜಮಾರ್ಗದಲ್ಲಿ ನಮ್ಮೂರಿನ ಹೆಸರಿದೆ, ಆದಿಕವಿ ಪಂಪನೂ ನಮ್ಮೂರನ್ನು ನೆನೆದಿದ್ದಾನೆ. ಆದ್ದರಿಂದ ನಾವು ಹೆಮ್ಮೆ ಪಡಬೇಕು. ಚಪ್ಪಾಳೆ ಬೀಳುತ್ತದೆ. ಹುಡುಗರ ಕೈಗೆ ಒಂದೊಂದು ಪೇಢೆ ಕೊಟ್ಟು ಮನೆಗೆ ಕಳಿಸುತ್ತೇವೆ.

ಮರುದಿನ ಅದೇ ಹುಡುಗರಲ್ಲಿ ಒಬ್ಬ ತರಗತಿಯಲ್ಲಿ ಎದ್ದು ನಿಂತು, "ಅಕ್ಕೋರ, ನೀರ ಕುಡದ ಬರ್ತೇನ್ರಿ" ಅನ್ನುತ್ತಾನೆ. "ಮೊದಲು ಸರಿಯಾಗಿ ಮಾತನಾಡುವುದನ್ನು ಕಲಿ" ಎಂದು ಗದರಿಸುತ್ತೇವೆ.

ನವೆಂಬರ್ ಒಂದರ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ಬರೆಯಹೊರಟಿರುವುದು ನವೆಂಬರ್ ಎರಡರ ಬಗ್ಗೆ. ಆ ಭಾಷಣವನ್ನು ನಾನೂ ನಾಲ್ಕಾರು ಸಲ ಮಾಡಿದ್ದೇನೆ, ಗದರಿಸುವ ಕೆಲಸವನ್ನಂತೂ ಅದಕ್ಕಿಂತ ಹೆಚ್ಚು ಮಾಡಿದ್ದೇನೆ. ಆದ್ದರಿಂದ ಈ ಜಗಳ ಮೊದಲು ನನ್ನೊಡನೆ, ಆಮೇಲೆ ಉಳಿದವರೊಡನೆ.

ನಮ್ಮೂರನ್ನು ನೋಡದವರಿಗಾಗಿ ನಾಲ್ಕು ಮಾತು. ಗದಗದಿಂದ ನೈರುತ್ಯಕ್ಕೆ ಸುಮಾರು ನಲವತ್ತು ಕಿಲೋಮೀಟರ್ ದೂರದ ಪುರಸಭೆಯ ಊರು ಇದು. 2011ರ ಜನಗಣತಿಯಲ್ಲಿ ಜನಸಂಖ್ಯೆ ಮೂವತ್ತಾರು ಸಾವಿರ ದಾಟಿತ್ತು. ಪುರಸಭೆ ಎನ್ನುವುದು ಬೋರ್ಡಿನ ಮೇಲಿನ ಹೆಸರು. ಜೀವ ಇರುವುದು ಹೊಲದಲ್ಲಿ. ಸಂತೆಯ ದಿನ ನೋಡಿದರೆ ಸುತ್ತಲಿನ ಹಳ್ಳಿಗಳೆಲ್ಲ ಇಲ್ಲಿಯೇ ಇರುತ್ತವೆ. ಊರಿಗೆ ಹೊಳೆ ಇಲ್ಲ. ಕುಡಿಯುವ ನೀರು ತುಂಗಭದ್ರೆಯಿಂದ ಕೊಳವೆಯಲ್ಲಿ ಬರಬೇಕು. ಬಂದ ದಿನವೇ ಹಬ್ಬ. ರೈಲು ಹಿಡಿಯಲು ಯಲವಿಗಿಗೆ ಹೋಗುವುದು ಅಜ್ಜನ ಕಾಲದಿಂದ ಬಂದ ರೂಢಿ. ಮೂಡಲಿಗೆ ದೂರದಲ್ಲಿ ಕಪ್ಪತಗುಡ್ಡ, ಉಳಿದಂತೆ ಕಣ್ಣು ಹಾಯುವವರೆಗೂ ಬಯಲು. ಎಲ್ಲೆಲ್ಲೂ ಯರಿ ಭೂಮಿ, ನಡುನಡುವೆ ಮಸಾರಿ. ಶೇಂಗಾ, ಹತ್ತಿ, ಹೆಸರು, ಮೆಣಸಿನಕಾಯಿ, ಹಿಂಗಾರಿಗೆ ಬಿಳಿಜೋಳ ಇಲ್ಲಿನ ಬೆಳೆ. ಇತ್ತೀಚೆಗೆ ಗೋವಿನಜೋಳವೂ ಸೇರಿದೆ.

ಆಳಿದವರ ಪಟ್ಟಿ ಉದ್ದವಿದೆ. ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಬಿಜಾಪುರದ ಆದಿಲಶಾಹಿಗಳು, ಕೊನೆಗೆ ಮಿರಜಿನ ಪಟವರ್ಧನರು. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆ, ನಡುವೆ ನಾವು ಮಿರಜ ಸಂಸ್ಥಾನದ ಪ್ರಜೆಗಳು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ಧಾರವಾಡ ಒಡೆದು ಗದಗ ಜಿಲ್ಲೆಯಾಯಿತು. ಶಿರಹಟ್ಟಿ ತಾಲೂಕಿನಲ್ಲಿದ್ದ ಊರು 2018ರಲ್ಲಿ ತಾನೇ ತಾಲೂಕಾಯಿತು. ಸೋಮೇಶ್ವರ ದೇವಸ್ಥಾನ, ಶಂಖಬಸದಿ, 1617ರ ಜುಮ್ಮಾ ಮಸೀದಿ ಮೂರೂ ಒಂದೇ ಊರಿನಲ್ಲಿವೆ. ನಡೆದು ಹೋದರೆ ಒಂದು ಮುಂಜಾನೆಯಲ್ಲಿ ಮೂರನ್ನೂ ನೋಡಿ ಬರಬಹುದು.

ಇಷ್ಟನ್ನು ನಾವು ಶಾಲೆಯಲ್ಲಿ ಹೇಗೋ ಹೇಳಿ ಮುಗಿಸುತ್ತೇವೆ. ಆದರೆ ಈ ಪಟ್ಟಿಯಲ್ಲಿ ಊರಿನ ಜನ ಎಲ್ಲಿದ್ದಾರೆ? ಅರಸರಿದ್ದಾರೆ, ಗುಡಿ ಕಟ್ಟಿಸಿದವರಿದ್ದಾರೆ, ಕೆಡವಿದರೆಂದು ಜಗಳ ತೆಗೆಯುವವರಿಗೆ ಬೇಕಾದ ಸರಕೂ ಇದೆ. ಊರಿನವರಿಲ್ಲ. ಹಾಗೆ ನೋಡಿದರೆ ಲಕ್ಷ್ಮೇಶ್ವರಕ್ಕೆ ಹೆಸರು ಬಂದದ್ದು ಅರಸರಿಂದಲ್ಲ. ಇದು ಯಾರ ರಾಜಧಾನಿಯಾಗಿಯೂ ಹೆಸರಾಗಲಿಲ್ಲ. ಹೆಸರು ಬಂದದ್ದು ಊರಿನ ಜನರ ಮಾತಿನಿಂದ, ಅವರ ನಡುವಿನ ಕಟ್ಟಳೆಯಿಂದ. ಆ ಎರಡನ್ನೇ ಬಿಟ್ಟು ಉಳಿದದ್ದೆಲ್ಲವನ್ನೂ ನಾವು ಕಲಿಸುತ್ತೇವೆ. ಈ ಲೇಖನದ ತಕರಾರು ಇಷ್ಟೇ.

ಮಾತಿನ ವಿಷಯ ಮೊದಲು.

ನಾನು ಇದೇ ಊರಿನವಳು. ನನ್ನವ್ವ ಸಾಲಿ ಕಂಡವಳಲ್ಲ. ಬೀಸುಕಲ್ಲಿನ ಮುಂದೆ ಕುಳಿತರೆ ಹಾಡಿನ ಮೇಲೆ ಹಾಡು ಬರುತ್ತಿತ್ತು. ಹಿಟ್ಟು ಮುಗಿಯುತ್ತಿತ್ತು, ಹಾಡು ಮುಗಿಯುತ್ತಿರಲಿಲ್ಲ. ಅವಳ ಮಾತು ಕೇಳುತ್ತ ಬೆಳೆದ ನಾನು ಬಿ.ಎ. ಮುಗಿಸಿ ಬಿ.ಎಡ್. ಮಾಡಲು ಹೋದೆ. ಮೊದಲನೇ ಅಭ್ಯಾಸ ಪಾಠದ ದಿನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಪರಿವೀಕ್ಷಕರು ನನ್ನ ವಹಿಯಲ್ಲಿ "ವಿಷಯಜ್ಞಾನ ಉತ್ತಮ, ಭಾಷೆ ಗ್ರಾಮ್ಯ" ಎಂದು ಬರೆದರು. ಆ ಒಂದು ಶಬ್ದ ನನ್ನನ್ನು ಎರಡು ತಿಂಗಳು ನಿದ್ದೆಗೆಡಿಸಿತು. ಕನ್ನಡಿಯ ಮುಂದೆ ನಿಂತು ಮಾತು ತಿದ್ದಿಕೊಂಡೆ. "ಮನಿ" ಹೋಗಿ "ಮನೆ" ಬಂತು, "ಮಳಿ" ಹೋಗಿ "ಮಳೆ" ಬಂತು. ರಜೆಗೆ ಊರಿಗೆ ಬಂದಾಗ ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಿ, "ಯಾಕವ್ವಾ, ಕ್ಯಾಂಪಿಗೆ ಬಂದ ಸಾಹೇಬರಂಗ ಮಾತಾಡಾಕತ್ತಿ?" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ನೌಕರಿಗೆ ಸೇರಿದ ಮೇಲೆ ನನಗಾದದ್ದನ್ನು ಮಕ್ಕಳಿಗೆ ಮಾಡಿದೆ. ಒಂದು ಪ್ರಸಂಗ ಇಂದಿಗೂ ಚುಚ್ಚುತ್ತದೆ. ಎಂಟನೆಯ ತರಗತಿಯ ಪರೀಕ್ಷೆಯಲ್ಲಿ, ಕಪ್ಪು ಮಣ್ಣಿನ ಲಕ್ಷಣಗಳನ್ನು ಬರೆಯಿರಿ ಎಂದು ನಾಲ್ಕು ಅಂಕದ ಪ್ರಶ್ನೆ ಕೊಟ್ಟಿದ್ದೆ. ಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗ ಹೀಗೆ ಬರೆದಿದ್ದ: "ಯರಿ ಹೊಲ ಬ್ಯಾಸಗ್ಯಾಗ ಬಾಯಿ ಬಿಡತೈತಿ. ಮಳಿ ಬಂದರ ಕುಡದು ಬಾಯಿ ಮುಚ್ಚತೈತಿ. ಹಸಿ ಇದ್ದಾಗ ಕಾಲು ಬಿಡಂಗಿಲ್ಲ, ಒಣಗಿದರ ರಂಟಿ ಇಳಿಯಂಗಿಲ್ಲ. ಹದ ನೋಡಿ ಕೂರಿಗಿ ಹೂಡಬೇಕು. ಮ್ಯಾಲ ಮಳಿ ಇಲ್ಲದಿದ್ರೂ ಒಳಗಿನ ಹಸಿ ಮ್ಯಾಲ ಹಿಂಗಾರಿ ಜ್ವಾಳ ಬರತೈತಿ."

ನಾನು ಅಡ್ಡಗೆರೆ ಎಳೆದೆ. ಕೆಂಪು ಶಾಯಿಯಲ್ಲಿ "ಗ್ರಾಮ್ಯ" ಎಂದು ಬರೆದೆ. ಸೊನ್ನೆ ಹಾಕಿದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು; ಎಲ್ಲರಿಗೂ ಪಾಠವಾಗಲಿ ಎಂದು ಗಟ್ಟಿಯಾಗಿ ಓದಿದೆ. ತರಗತಿ ನಕ್ಕಿತು. ನಕ್ಕ ಐವತ್ತು ಮಕ್ಕಳ ಮನೆಯಲ್ಲಿಯೂ ಅದೇ ಮಾತು. ತಮ್ಮ ಅವ್ವ, ಅಪ್ಪ, ಅಜ್ಜಿ ಆಡುವ ಮಾತಿಗೆ ಅವರು ನಗುವಂತೆ ಮಾಡಿದವಳು ನಾನು.

ಈಗ ಆ ಉತ್ತರವನ್ನು ಮತ್ತೆ ಓದಿ. ಕಪ್ಪು ಮಣ್ಣು ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ, ನೆನೆದಾಗ ಹಿಗ್ಗುತ್ತದೆ. ಹಸಿಯಿದ್ದಾಗ ಅಂಟುತ್ತದೆ, ಒಣಗಿದಾಗ ಉಳಲು ಬರುವುದಿಲ್ಲ. ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ನೀರಾವರಿಯಿಲ್ಲದೆ ಹಿಂಗಾರು ಬೆಳೆಗೆ ಒಗ್ಗುತ್ತದೆ. ಪುಸ್ತಕದಲ್ಲಿದ್ದ ನಾಲ್ಕೂ ಅಂಶಗಳು ಅದರಲ್ಲಿವೆ. ಪುಸ್ತಕದಲ್ಲಿಲ್ಲದ ಐದನೆಯದೂ ಇದೆ: ಹದ. ಯಾವ ದಿನ ಬಿತ್ತಬೇಕು ಎಂಬುದನ್ನು ಕಾಲಿನಿಂದ ತಿಳಿಯುವ ವಿದ್ಯೆ ಅದು. ಆ ಹುಡುಗನಿಗೆ ಭೂಗೋಲ ಗೊತ್ತಿತ್ತು. ನನಗೆ ಪುಸ್ತಕ ಗೊತ್ತಿತ್ತು. ಅಂಕ ಕೊಡುವ ಅಧಿಕಾರ ಮಾತ್ರ ನನ್ನ ಕೈಯಲ್ಲಿತ್ತು.

ಇನ್ನು, ಎದೆ ತಟ್ಟಿಕೊಳ್ಳುವಾಗ ನಾವು ಹೆಸರು ಹೇಳುವ ಪುಸ್ತಕಗಳ ಕಡೆಗೆ ಬರೋಣ. ಕವಿರಾಜಮಾರ್ಗ ಒಂಬತ್ತನೆಯ ಶತಮಾನದ್ದು, ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದದ್ದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಹೇಳಿ, ಅದರೊಳಗೆ ಕನ್ನಡದ ತಿರುಳು ಇರುವ ನೆಲಕ್ಕೆ ನಾಲ್ಕು ಊರುಗಳ ಗುರುತು ಕೊಡುತ್ತಾನೆ: ಕಿಸುವೊಳಲು, ಅಂದರೆ ಪಟ್ಟದಕಲ್ಲು, ಕೊಪಣ, ಅಂದರೆ ಕೊಪ್ಪಳ, ನಮ್ಮ ಪುಲಿಗೆರೆ, ಬೆಳಗಾವಿ ಸೀಮೆಯ ಒಕ್ಕುಂದ. ಇಷ್ಟು ಭಾಷಣದಲ್ಲಿ ಬರುತ್ತದೆ. ಅದೇ ಪುಸ್ತಕದ ಇನ್ನೆರಡು ಮಾತುಗಳು ಬರುವುದಿಲ್ಲ. ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯದ ಮಾತು ಬಲ್ಲವರು ಎನ್ನುವುದು ಒಂದು. ಕನ್ನಡಗಳು ಹಲವು, ದೇಸಿ ಬೇರೆ ಬೇರೆ, ಅವುಗಳ ಲೆಕ್ಕ ಹಿಡಿಯಲು ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎನ್ನುವುದು ಇನ್ನೊಂದು. ಅರಮನೆಯ ಪಂಡಿತನೊಬ್ಬ ಕನ್ನಡಗಳು ಹಲವು ಎಂದು ಒಪ್ಪಿಕೊಂಡು ಸಾವಿರದ ನೂರೈವತ್ತು ವರ್ಷಗಳಾದ ಮೇಲೆ, ಬಿ.ಎಡ್. ಮಾಡಿದ ನಾವು ಕನ್ನಡ ಒಂದೇ, ಅದು ಪಠ್ಯಪುಸ್ತಕದಲ್ಲಿದೆ ಎನ್ನುತ್ತೇವೆ. ಓದಿದ್ದಕ್ಕೆ ನಮಗಾದ ಲಾಭ ನೋಡಿ!

ಪಂಪನದೂ ಅಷ್ಟೇ. 941ರಲ್ಲಿ ವಿಕ್ರಮಾರ್ಜುನವಿಜಯ ಬರೆದಾಗ ಅವನು ಇದ್ದದ್ದು ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ, ಈಗಿನ ತೆಲಂಗಾಣದಲ್ಲಿ. ಅಷ್ಟು ದೂರ ಕುಳಿತು, ತಾನು ಬಳಸಿದ್ದು ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡ. ಅವನ ತಾಯಿ ಅಬ್ಬಣಬ್ಬೆ ನಮ್ಮ ಪಕ್ಕದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಅವನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಹೇಳುತ್ತದೆ. ಅಂದರೆ ಇದು ಪಂಪನಿಗೆ ತಾಯಿಯ ತವರಿನ ಕಡೆಯ ಮಾತು. ಪರಸ್ಥಳದಲ್ಲಿದ್ದೂ ಅವನು ಅದನ್ನು ಬಿಡಲಿಲ್ಲ. ನಮ್ಮ ಹುಡುಗ ಊರಲ್ಲಿದ್ದೇ ಬಿಡಬೇಕು.

ಇಲ್ಲಿ ಒಬ್ಬರು ಅಡ್ಡ ಬರುತ್ತಾರೆಂದು ಗೊತ್ತು. "ಅಂದಿನ ಪುಲಿಗೆರೆಯ ಕನ್ನಡವೇ ಬೇರೆ, ಇಂದು ನಿಮ್ಮ ಹುಡುಗರಾಡುವುದೇ ಬೇರೆ. ಪಾರಸಿ, ಮರಾಠಿ ಎಲ್ಲ ಸೇರಿ ಕಲಬೆರಕೆಯಾಗಿದೆ." ಒಪ್ಪಿದೆ. ಆ ಹುಡುಗ ಪಂಪನ ಕನ್ನಡದಲ್ಲಿ ಉತ್ತರ ಬರೆದನೆಂದು ನಾನು ಹೇಳುತ್ತಿಲ್ಲ. ಮಾತು ಸಾವಿರ ವರ್ಷ ನಿಂತಲ್ಲಿಯೇ ನಿಲ್ಲುವುದಿಲ್ಲ. ಆದರೆ ಪಠ್ಯಪುಸ್ತಕದ ಕನ್ನಡವೂ ಪಂಪನ ಕನ್ನಡವಲ್ಲವಲ್ಲ? ಹಳೆಯದಲ್ಲವೆಂಬುದು ಇಬ್ಬರಿಗೂ ಸಮನಾದ ದೋಷವಾದರೆ, ಸೊನ್ನೆ ಒಬ್ಬರಿಗೇ ಯಾಕೆ? ನಾನು ಹಿಡಿದಿರುವುದು ಶಬ್ದಗಳ ವಯಸ್ಸನ್ನಲ್ಲ, ಆ ಹಿರಿಯರ ನಡತೆಯನ್ನು. ಒಳ್ಳೆಯ ಕನ್ನಡ ಎಲ್ಲಿದೆ ಎಂದು ಕೇಳಿದಾಗ ಅವರು ಒಂದು ನೆಲವನ್ನೂ ಅಲ್ಲಿ ಮಾತಾಡುವ ಜನರನ್ನೂ ತೋರಿಸಿದರು. ನಾವು ಅಚ್ಚಾದ ಪುಸ್ತಕ ತೋರಿಸುತ್ತೇವೆ.

ಎರಡನೆಯದು ಕಟ್ಟಳೆಯ ವಿಷಯ. ಸ್ಥಳೀಯ ಸ್ವರಾಜ್ಯ ಸಂಸ್ಥೆಗಳ ಪಾಠವನ್ನು ನಾವು 1882ರಿಂದ, ಲಾರ್ಡ್ ರಿಪ್ಪನ್ನನಿಂದ ಶುರುಮಾಡುತ್ತೇವೆ. ರಿಪ್ಪನ್ನನ ಬಗ್ಗೆ ನನಗೆ ಸಿಟ್ಟಿಲ್ಲ. ಆದರೆ ನಮ್ಮೂರಿನಲ್ಲೇ ಸುಮಾರು 725ರ ಒಂದು ಶಾಸನ ಸಿಕ್ಕಿದೆ. ಚರಿತ್ರೆ ಬಲ್ಲವರು ಅದನ್ನು ಆಚಾರವ್ಯವಸ್ಥೆಯ ಶಾಸನವೆಂದು ಕರೆಯುತ್ತಾರೆ. ಕೊಟ್ಟವನು ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ. ಕೊಟ್ಟದ್ದು ಪೊರಿಗೆರೆಯ, ಅಂದರೆ ಇದೇ ಪುಲಿಗೆರೆಯ, ಮಹಾಜನರಿಗೆ, ನಗರಕ್ಕೆ ಮತ್ತು ಹದಿನೆಂಟು ಪ್ರಕೃತಿಗಳಿಗೆ. ರಾಜನ ಅಧಿಕಾರಿಗಳು ಊರಿನಲ್ಲಿ ಏನೇನನ್ನು ಕಾಯಬೇಕು ಎಂಬುದು ಅದರಲ್ಲಿದೆ; ಒಡೆಯರಿಲ್ಲದ ಮನೆಗಳನ್ನೂ ಕಾಯಬೇಕು. ಊರವರು ಏನು ಕೊಡಬೇಕು ಎಂಬುದೂ ಇದೆ. ಮನೆಗಳನ್ನು ಅವುಗಳ ತ್ರಾಣ ನೋಡಿ ದರ್ಜೆ ಮಾಡಿ ತೆರಿಗೆ ಹಾಕಿದ್ದಾರೆ. ಕಳವು ಮೊದಲಾದ ತಪ್ಪುಗಳ ದಂಡದ ಮಾತಿದೆ. ಭೂಮಿ ದಾನ ಕೊಟ್ಟ ಶಾಸನಗಳು ನಾಡಿನ ತುಂಬ ಇವೆ. ಆಳುವವನಿಗೂ ಊರಿಗೂ ನಡುವಿನ ಕೊಡುಕೊಳ್ಳುವಿಕೆಯನ್ನು ಹೀಗೆ ಕಲ್ಲಿನಲ್ಲಿ ಬರೆಸಿದ್ದು ಅಪರೂಪ. ಅದು ಇರುವುದು ಕನ್ನಡದಲ್ಲಿ.

ಈ ಶಾಸನದ ಹೆಸರು ಕೇಳಿದ ಮಕ್ಕಳು ನಮ್ಮ ಶಾಲೆಗಳಲ್ಲಿ ಎಷ್ಟಿದ್ದಾರೆ? ಮಕ್ಕಳ ಮಾತಿರಲಿ, ನನಗೇ ಗೊತ್ತಾದದ್ದು ನಲವತ್ತು ದಾಟಿದ ಮೇಲೆ.

ಅದನ್ನು ಓದಿದಾಗ ನನಗೆ ನೆನಪಾದದ್ದು ಕಾಗದ ಹಿಡಿದು ನಮ್ಮ ಮನೆಗೆ ಬರುವ ಹೆಣ್ಣುಮಕ್ಕಳು. "ಅಕ್ಕೋರ, ಇದರಾಗ ಏನ ಬರದಾರ ಸ್ವಲ್ಪ ಓದಿ ಹೇಳ್ರಿ." ಓದು ಬಾರದವರಷ್ಟೇ ಅಲ್ಲ, ಏಳನೇತ್ತ ಕಲಿತವರೂ ಬರುತ್ತಾರೆ. ಕಾಗದ ಯಾವ ಕಚೇರಿಯದಾದರೂ ಆಗಲಿ, ಶುರುವಾಗುವುದು ಹೀಗೆ: "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ." ತಿಳಿಯಪಡಿಸುವುದು ಎಂದು ಬರೆದವರಿಗೆ ತಿಳಿಯಬೇಕೆಂಬ ಇಚ್ಛೆ ಇದ್ದಂತಿಲ್ಲ. ಮೂರು ಸಲ ಓದಿದರೆ, ಮನೆಪಟ್ಟಿ ಬಾಕಿಯಿದೆ ಎಂದು ಅರ್ಥವಾಗುತ್ತದೆ. "ನಿಮ್ಮ ಮನಿಪಟ್ಟಿ ಬಾಕಿ ಐತಿ, ತುಂಬ್ರಿ" ಎಂದು ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು? ತರಗತಿಯಲ್ಲಿ ಮಗುವಿನ ಮಾತನ್ನು ತಪ್ಪೆಂದವರೂ, ಕಚೇರಿಯಲ್ಲಿ ಅವನಿಗೆ ತಿಳಿಯದಂತೆ ಬರೆಯುವವರೂ ಒಂದೇ ಶಾಲೆಯಲ್ಲಿ ಕಲಿತವರು. ಮೊದಲು ನಾವು ಅವನ ಬಾಯಿ ಮುಚ್ಚಿಸುತ್ತೇವೆ. ಆಮೇಲೆ ಕಚೇರಿ ಅವನ ಪರವಾಗಿ ಮಾತಾಡುತ್ತದೆ.

"ಹಾಗಾದರೆ ಶಿಷ್ಟ ಕನ್ನಡ ಕಲಿಸುವುದೇ ಬೇಡವೇ? ಬೀದರಿನವನಿಗೂ ಚಾಮರಾಜನಗರದವನಿಗೂ ತಿಳಿಯುವ ಒಂದು ಬರವಣಿಗೆ ಬೇಡವೇ? ಪರೀಕ್ಷೆ, ನೌಕರಿ?" ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಬೇಕು. ನಾನು ಈ ಲೇಖನ ಬರೆಯುತ್ತಿರುವುದೂ ಆ ಕನ್ನಡದಲ್ಲಿಯೇ. ಅದನ್ನು ಚೆನ್ನಾಗಿ ಕಲಿಸಬೇಕು, ಕಾಗುಣಿತ ತಿದ್ದಬೇಕು. ನನ್ನ ಜಗಳ ಕಲಿಸುವುದರ ಮೇಲಲ್ಲ, "ತಪ್ಪು" ಎಂಬ ಶಬ್ದದ ಮೇಲೆ. ಹೊಲಕ್ಕೆ ಹೋಗುವಾಗಿನ ಬಟ್ಟೆ ಬೇರೆ, ಮದುವೆಗೆ ಹೋಗುವಾಗಿನ ಬಟ್ಟೆ ಬೇರೆ. ಮದುವೆಗೆ ಹೊರಟ ಮಗನಿಗೆ ಬೇರೆ ಅಂಗಿ ತೊಡಿಸುವ ತಾಯಿ, ಹೊಲದ ಅಂಗಿಯನ್ನು ಅವನ ಮುಂದೆ ಸುಡುವುದಿಲ್ಲ. ನಾವು ಸುಟ್ಟಿದ್ದೇವೆ.

ಸುಟ್ಟದ್ದರ ಫಲ ಏನೆಂದು ನನಗೆ ಕೆಲವು ವರ್ಷಗಳ ಹಿಂದೆ ಸಂತೆಯಲ್ಲಿ ತಿಳಿಯಿತು. ಮೆಣಸಿನಕಾಯಿ ಆರಿಸುತ್ತಿದ್ದೆ. "ನಮಸ್ಕಾರ್ರೀ ಅಕ್ಕೋರ" ಎಂಬ ದನಿ ಕೇಳಿತು. ಅದೇ ಹುಡುಗ. ಹುಡುಗನೇನು, ಮೀಸೆಯಲ್ಲಿ ಬಿಳಿ ಕೂದಲು ಇಣುಕಿದ ಗಂಡಸು. ಎಂಟು ಎಕರೆ ಯರಿ ಹೊಲ ಮಾಡಿಕೊಂಡಿದ್ದಾನೆ. ಜೊತೆಗೆ ಟೈ ಕಟ್ಟಿಕೊಂಡ ಏಳೆಂಟು ವರ್ಷದ ಮಗಳು. ಯಾವ ಸಾಲಿ ಎಂದು ಕೇಳಿದೆ. ಇಂಗ್ಲಿಷ್ ಮಾಧ್ಯಮದ ಶಾಲೆಯ ಹೆಸರು ಹೇಳಿದ. ಕನ್ನಡ ಸಾಲಿಗೆ ಯಾಕೆ ಹಾಕಲಿಲ್ಲವೆಂದು, ಅಭ್ಯಾಸಬಲದಿಂದ ಸ್ವಲ್ಪ ಗದರುವ ದನಿಯಲ್ಲಿಯೇ ಕೇಳಿದೆ.

ಅವನು ಸಿಟ್ಟಾಗಲಿಲ್ಲ. "ನಮ್ಮ ಮಾತು ತಪ್ಪಂತ ನೀವ ಹೇಳಿದ್ರೆಲ್ರೀ ಅಕ್ಕೋರ. ಮನ್ಯಾಗ ನಾವು ತಪ್ಪು ಮಾತಾಡವ್ರು, ಸಾಲ್ಯಾಗ ಅದನ್ನ ತಿದ್ದಿಸಿಕೊಂಡು ಅಳೂದ್ಯಾಕ? ಇಂಗ್ಲಿಷ್ ಆದ್ರ ಮೊದಲಿಂದ ಹೊಸಾದು. ನಗಾವ್ರು ಯಾರೂ ಇರಂಗಿಲ್ಲ" ಅಂದ.

ಕನ್ನಡ ಶಾಲೆಗಳು ಯಾಕೆ ಖಾಲಿಯಾಗುತ್ತಿವೆ ಎಂಬ ಬಗ್ಗೆ ನಾನು ಎಷ್ಟೋ ಗೋಷ್ಠಿಗಳಲ್ಲಿ ಕುಳಿತು ಬಂದಿದ್ದೇನೆ. ಜಾಗತೀಕರಣ, ಸರಕಾರದ ನೀತಿ, ಪಾಲಕರ ಮೋಹ ಎಂದೆಲ್ಲ ಕಾರಣಗಳನ್ನು ಪಟ್ಟಿ ಮಾಡಿದ್ದೇವೆ. ಅವೂ ನಿಜವಿರಬಹುದು. ಆದರೆ ಕನ್ನಡ ಕಲಿಸುವವರೇ ಕನ್ನಡದ ಮಗುವನ್ನು ನಾಚಿಸಿ ಹೊರಗೆ ಕಳಿಸಿದರು ಎಂದು ಯಾವ ಗೋಷ್ಠಿಯಲ್ಲಿಯೂ ಯಾರೂ ಹೇಳಿದ್ದು ಕೇಳಿಲ್ಲ. ಸಂತೆಯಲ್ಲಿ, ಮೆಣಸಿನಕಾಯಿಯ ಘಾಟಿನ ನಡುವೆ, ನನ್ನ ವಿದ್ಯಾರ್ಥಿ ಹೇಳಿದ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ, ಅನುದಾನ ಏನೂ ಬೇಡ. ನಮ್ಮೂರಿನ ಪ್ರತಿ ಪ್ರೌಢಶಾಲೆಯಲ್ಲಿ ವರ್ಷಕ್ಕೆ ಒಂದು ದಿನ 725ರ ಆ ಕಟ್ಟಳೆಯನ್ನು ಇಂದಿನ ಕನ್ನಡಕ್ಕೆ ತಂದು ಓದಿಸೋಣ. ಕಾಯುವವರು ಯಾರು, ಕೊಡುವವರು ಯಾರು, ಇಂದು ಯಾರು ಏನು ಮಾಡುತ್ತಿದ್ದಾರೆ ಎಂದು ಮಕ್ಕಳೇ ಲೆಕ್ಕ ಹಾಕಲಿ. ಭೂಗೋಲದ ಪಾಠಕ್ಕೆ ಮುಂಚೆ ಪ್ರತಿ ಮಗುವೂ ಮನೆಯಿಂದ ಹತ್ತು ಶಬ್ದ ಬರೆದು ತರಲಿ: ಹದ, ಹಸಿ, ಹರಗುವುದು, ಎಡೆ ಹೊಡೆಯುವುದು, ಬದು, ಮಸಾರಿ. ಅವನ್ನು ಕಪ್ಪು ಹಲಗೆಯ ಒಂದು ಬದಿಗೆ, ಪುಸ್ತಕದ ಶಬ್ದಗಳನ್ನು ಇನ್ನೊಂದು ಬದಿಗೆ ಬರೆಯೋಣ. ಎರಡೂ ಇರಲಿ. ಕೆಂಪು ಶಾಯಿಯ ಪೆನ್ನು ಎತ್ತುವ ಮೊದಲು, ಈ ಹುಡುಗನಿಗೆ ವಿಷಯ ಗೊತ್ತಿದೆಯೇ ಇಲ್ಲವೇ ಎಂದು ಕೇಳಿಕೊಳ್ಳೋಣ. ಗೊತ್ತಿದ್ದರೆ ಅಂಕ ಅವನದು. ನಾನು ಈಗ ಹಾಗೆ ಮಾಡುತ್ತಿದ್ದೇನೆ. ನಿವೃತ್ತಿಗೆ ಕೆಲವೇ ವರ್ಷ ಉಳಿದಿರುವಾಗ ಬಂದ ಬುದ್ಧಿ. ತಡವಾಯಿತೆಂದು ಬೈಯುವವರು ಬೈಯಲಿ.

ಇನ್ನೂ ಒಂದು ಕೆಲಸ ಬಾಕಿಯಿದೆ. ಆ ಹುಡುಗನನ್ನು ನಮ್ಮ ಶಾಲೆಗೆ ಕರೆದು, ಯರಿ ಹೊಲದ ಬಗ್ಗೆ ಮಕ್ಕಳ ಮುಂದೆ ಮಾತಾಡಿಸಬೇಕೆಂದು ಅವನ ಮನೆಗೇ ಹೋಗಿದ್ದೆ. ಚಹಾ ಕೊಟ್ಟರು. ವಿಷಯ ಕೇಳಿ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾತಾಡ್ತೇನ್ರಿ ಅಕ್ಕೋರ. ಆದ್ರ ಯಾವ ಮಾತಿನ್ಯಾಗ ಮಾತಾಡ್ಲಿ?" ಎಂದು ಕೇಳಿದ.

"ನೀ ಅವತ್ತು ಬರದಿದ್ದೆಲ್ಲಪಾ, ಆ ಮಾತಿನ್ಯಾಗ" ಅಂದೆ.

ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ನಕ್ಕು ತಲೆ ತಗ್ಗಿಸಿದ. ಮುಂದಿನ ನವೆಂಬರ್ ಎರಡಕ್ಕೆ ಒಂದು ಪಿರಿಯಡ್ ಖಾಲಿ ಇಟ್ಟಿದ್ದೇನೆ.